ಜೋರಾಗಿ ಹೇಳಬಾರದ ಅಳತೆ

ಬೆಳಿಗ್ಗೆ ಹತ್ತೂವರೆಗೆ ಯಜಮಾನಿ ಬೀಗದ ಕೈ ಕೊಟ್ಟರು. ಕೊಡುವ ಮೊದಲು ಒಂದು ಮಾತು ಹೇಳಿದರು.

"ಅಳತೆ ತಗೊಳ್ಳಿ, ಬರ್ಕೊಳ್ಳಿ. ಆದ್ರೆ ಬಾಯಿಬಿಟ್ಟು ಹೇಳ್ಬೇಡಿ."

"ಹೇಳದೆ ಹೇಗಮ್ಮ ತಗೊಳ್ಳೋದು? ಕಣ್ಸನ್ನೆ ಮಾಡ್ಲಾ?" ಎಂದು ಅವಳು ನಕ್ಕಳು.

ಯಜಮಾನಿ ನಗಲಿಲ್ಲ. "ನಾನಂತೂ ಹೇಳಿದ್ದೀನಿ" ಎಂದರು. ಒಳಗೆ ಬನ್ನಿ ಎಂದು ಕರೆದರೆ ತಲೆಯಾಡಿಸಿ, ಗೇಟಿನಾಚೆಯಿಂದಲೇ ಕಾರು ಹತ್ತಿ ಹೊರಟುಹೋದರು.

ಅವಳು ಮನೆಗಳ ಒಳಾಂಗಣ ವಿನ್ಯಾಸ ಮಾಡುವವಳು. ಹಳೆಯ ಮನೆಯನ್ನು ಒಡೆದು ಹೊಸದು ಮಾಡಿಸುವ ಕೆಲಸದಲ್ಲಿ ಹೆಸರು ಗಳಿಸಿದ್ದಳು. ಒಂದಿಂಚು ಆಚೀಚೆ ಆದರೂ ಸಾಕು, ಕೂಡಿಸಿದ ಬಾಗಿಲನ್ನು ನಿರ್ದಾಕ್ಷಿಣ್ಯವಾಗಿ ಬಿಚ್ಚಿಸುತ್ತಿದ್ದಳು. ಅದಕ್ಕೇ ಕೆಲಸಗಾರರು ಬೆನ್ನ ಹಿಂದೆ ಅವಳನ್ನು ಇಂಚಕ್ಕ ಎನ್ನುತ್ತಿದ್ದರು. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಒಳಗೊಳಗೇ ಹಿತವೂ ಆಗಿತ್ತು.

ಜೊತೆಯಲ್ಲಿದ್ದವನು ಅವಳ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ಎತ್ತಿ ಆಡಿಸಿ ಸಾಕಿದವಳು ಇವಳೇ. ಅವರ ಮನೆಯ ಅಡುಗೆಕೋಣೆ ಬಾಗಿಲಿನ ಚೌಕಟ್ಟಿನ ಮೇಲೆ, ಪ್ರತಿ ಹುಟ್ಟುಹಬ್ಬಕ್ಕೂ ಅವನ ಎತ್ತರ ಗುರುತಿಸಿ ಅವಳು ಎಳೆದ ಪೆನ್ಸಿಲ್ ಗೆರೆಗಳು ಏಣಿಯ ಮೆಟ್ಟಿಲಿನಂತೆ ಮೇಲೇರಿದ್ದವು. ಈಗ ಅವನು ಅವಳಿಗಿಂತ ಒಂದು ಗೇಣು ಉದ್ದ. ಅಟ್ಟದ ಡಬ್ಬಿ ಬೇಕೆಂದರೆ ಅವನನ್ನೇ ಕರೆಯಬೇಕು. ಅವನು ಬೇಕೆಂದೇ ಸತಾಯಿಸಿ ತೆಗೆದುಕೊಡುತ್ತಿದ್ದ.

"ಅಳತೆ ಕೇಳಿದ್ರೆ ಮನೆಗೂ ನಾಚಿಕೆ ಆಗತ್ತೇನೋ ಅಕ್ಕ. ಟೈಲರ್ ನಿನ್ನ ಸೊಂಟದಳತೆ ಕೂಗಿದಾಗ ನಿಂಗೆ ಆಯ್ತಲ್ಲ, ಹಂಗೆ."

"ಬಾಯ್ಮುಚ್ಕೊಂಡು ಟಾರ್ಚ್ ಹಿಡಿ."

ಬಾಗಿಲು ತೆರೆದರೆ ಹಾಡಹಗಲಲ್ಲೂ ಒಳಗೆ ಕತ್ತಲೆ. ಕಿಟಕಿಗಳಿಗೆಲ್ಲ ಪ್ಲೈವುಡ್ ಹಲಗೆ ಹೊಡೆದಿದ್ದರು. ಕರೆಂಟು ಕಿತ್ತಿದ್ದರು. ಟಾರ್ಚಿನ ಬೆಳಕು ಬಿದ್ದಲ್ಲೆಲ್ಲ ಗೋಡೆಯ ಗಾರೆಯನ್ನು ಅಗೆದು ಇಟ್ಟಿಗೆ ಕಾಣಿಸುವಂತೆ ಮಾಡಿದ್ದರು. ಒಂದು ಕಡೆ ಅಲ್ಲ, ಎಲ್ಲ ಕಡೆ. ಯಾರೋ ಯಾವುದನ್ನೋ ಹುಡುಕಿ ಸೋತವರ ಹಾಗೆ. ಮರದ ಅಂಟಿನ ವಾಸನೆ ಬರುತ್ತಿತ್ತು. ಅದರಡಿಯಲ್ಲಿ ಇನ್ನೊಂದು ವಾಸನೆ, ಕೂದಲು ಸುಟ್ಟಂಥದ್ದು.

"ಹಿಂದೆ ಮಾಡಿದ ಕಂಟ್ರಾಕ್ಟರ್ ಯಾವನೋ ಮಹಾನುಭಾವ" ಎಂದಳು ಅವಳು, ಗೋಡೆ ನೋಡಿ.

ಯಜಮಾನಿ ಹೇಳಿದ ಕೆಲಸ ಸ್ವಲ್ಪ ವಿಚಿತ್ರವಾಗಿತ್ತು. ಸ್ವಿಚ್ಚು, ಬಾಗಿಲ ಹಿಡಿ, ಕೈತೊಳೆಯುವ ಬೇಸಿನ್ನು ಎಲ್ಲವೂ ಮೊಣಕಾಲೆತ್ತರಕ್ಕೆ ಬರಬೇಕು. ಮನೆಯವರಿಗೆ ಅನುಕೂಲಕ್ಕೆ ಎಂದಿದ್ದರು. ಗಾಲಿಕುರ್ಚಿ ಇರಬೇಕು ಎಂದುಕೊಂಡು ಅವಳು ಮುಂದೆ ಕೇಳಿರಲಿಲ್ಲ.

ಅಳತೆ ತೆಗೆಯುವುದಕ್ಕೆ ಅಕ್ಕತಮ್ಮಂದಿರದ್ದೊಂದು ಪದ್ಧತಿ ಇತ್ತು. ಅವಳು ಟೇಪು ನೋಡಿ ಜೋರಾಗಿ ಓದಬೇಕು. ಅವನು ಬರೆದುಕೊಂಡು ಅದನ್ನೇ ತಿರುಗಿ ಹೇಳಬೇಕು. ತಿರುಗಿ ಹೇಳಿದರೆ ಸರಿಯಾಗಿ ಕೇಳಿಸಿದೆ ಎಂದರ್ಥ. ಉತ್ತರ ಬರದಿದ್ದರೆ ಕೇಳಿಸಿಲ್ಲ ಎಂದರ್ಥ. ಆಗ ಅವಳು ಮತ್ತೆ ಟೇಪು ನೋಡಿ, ಮತ್ತೆ ಓದಬೇಕು. ಒಮ್ಮೆ ಅವನು ಫೋನು ನೋಡುತ್ತ ಕೂತಿದ್ದಾಗ ಅವಳು ಒಂದೇ ಕಿಟಕಿಯ ಅಳತೆಯನ್ನು ಗಂಟಲು ಕಟ್ಟುವವರೆಗೆ ಓದಿದ್ದಳು. ಅಷ್ಟು ಮೈಗೂಡಿದ ಅಭ್ಯಾಸ. ಯಜಮಾನಿಯ ಮಾತು ಕೇಳಿ ಅದನ್ನು ಬಿಡುವ ಯೋಚನೆಯೂ ಅವಳಿಗೆ ಬರಲಿಲ್ಲ.

ತಮ್ಮ ಟೇಪಿನ ತುದಿಯನ್ನು ಹೊಸ್ತಿಲಿಗೆ ಸಿಕ್ಕಿಸಿ ನಡುಮನೆಯಲ್ಲಿ ಉಳಿದ. ಅವಳು ಕೋಣೆಯ ಆ ಕೊನೆಗೆ ಹೋದಳು.

"ಹನ್ನೆರಡು ಅಡಿ ಮೂರು."

"ಹನ್ನೆರಡು ಅಡಿ ಎರಡು."

"ಮೂರು ಕಣೋ! ಕಿವೀಲಿ ಹತ್ತಿ ಇಟ್ಕೊಂಡಿದ್ದೀಯಾ?"

"ನಾನೆಲ್ಲಿ ಮಾತಾಡಿದೆ? ಇನ್ನೂ ಬರೀತಾ ಇದ್ದೀನಿ." ಅವನ ದನಿ ಬೆನ್ನ ಹಿಂದಿನಿಂದ ಬಂತು. ಮೊದಲು ಬಂದ ಉತ್ತರ ಎದುರಿನ ಗೋಡೆಯ ಕಡೆಯಿಂದ ಬಂದಿತ್ತು.

ಖಾಲಿ ಮನೆ, ಮಾರ್ದನಿ ಇದ್ದದ್ದೇ ಎಂದು ಅವಳು ಕೆಲಸ ಮುಂದುವರಿಸಿದಳು. ಮೇಲಿನ ಕಪಾಟು ಗಂಡಸರ ಕೈಗೆ ಎಟುಕುವ ಎತ್ತರದಲ್ಲಿರಲಿ ಎಂದು ತಮ್ಮನನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು. ಅವನು ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಟೇಪಿನ ತುದಿಯನ್ನು ಹಿಮ್ಮಡಿಯಡಿ ಒತ್ತಿ ಹಿಡಿದ. ಅವಳು ಟೇಪನ್ನು ಅವನ ನೆತ್ತಿಗೆ ಎಳೆದಳು.

"ಐದು ಅಡಿ ಒಂಬತ್ತು."

"ಐದು ಅಡಿ ಎಂಟು."

ದನಿ ಅವನದೇ. ಅವನು ಅವಳ ಕಣ್ಣೆದುರು ನಿಂತಿದ್ದ. ಪೆನ್ಸಿಲ್ ಹಲ್ಲಿನಲ್ಲೇ ಇತ್ತು. ತುಟಿ ಅಲುಗಿರಲಿಲ್ಲ.

ಅವನು ನಿಧಾನವಾಗಿ ಪೆನ್ಸಿಲ್ ತೆಗೆದ. "ಮಾರ್ದನಿಗೆ ಕಳೆಯೋ ಲೆಕ್ಕ ಬರತ್ತಾ ಅಕ್ಕ?"

"ಬಾ, ಊಟದ ಹೊತ್ತಾಯ್ತು" ಎಂದಳು. ಅವನ ಕೈಯ ಪೆನ್ಸಿಲ್ ತೆಗೆದುಕೊಂಡು ಅವನ ನೆತ್ತಿಯ ಮಟ್ಟಕ್ಕೆ ಗೋಡೆಯ ಮೇಲೊಂದು ಗುರುತು ಹಾಕಿದಳು.

ಆಮೇಲಿನ ವಾರಗಳಲ್ಲಿ ಮೊದಲು ಗೊತ್ತಾದದ್ದು ಅವನ ಪ್ಯಾಂಟಿನಿಂದ. ಹಿಮ್ಮಡಿಯಡಿ ಸಿಕ್ಕಿ ಅಂಚು ಹರಿಯತೊಡಗಿತು. ಒಗೆದು ಜಗ್ಗಿದೆ ಎಂದುಕೊಂಡರು. ಒಂದು ಸಂಜೆ ಸಿಗ್ನಲ್ಲಿನಲ್ಲಿ ಬೈಕು ನಿಲ್ಲಿಸಿ ಅವನು ಕಾಲೂರಿದ; ಕಾಲು ನೆಲಕ್ಕೆ ಸಿಗಲಿಲ್ಲ. ಬೈಕಿನ ಸಮೇತ ಉರುಳಿಬಿದ್ದ. ಮನೆಗೆ ಬಂದವನೇ, ತರಚಿದ ಮೊಣಕೈಯನ್ನೂ ತೊಳೆಯದೆ, ಅಡುಗೆಕೋಣೆಯ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ.

"ನೋಡಕ್ಕ. ಏನೂ ಹೇಳ್ಬೇಡ, ಸುಮ್ನೆ ನೋಡು."

ಅವನು ಕಾಲೇಜು ಸೇರಿದ ವರ್ಷದ ಗೆರೆ ಅವನ ನೆತ್ತಿಗಿಂತ ಮೇಲಿತ್ತು.

ವೈದ್ಯರು ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆ ಸರಿಯಾಗಿದೆ, ಎಲುಬು ಸರಿಯಾಗಿದೆ, ಎಲ್ಲಿಯೂ ಸವೆದಿಲ್ಲ ಎಂದರು. ಅವಳು ಹಟ ಹಿಡಿದಾಗ ಕನ್ನಡಕ ತೆಗೆದು, "ನಿಮ್ಮ ಮೊದಲಿನ ಅಳತೆಯೇ ತಪ್ಪಿರಬೇಕಮ್ಮ" ಎಂದರು. ಇಂಚಕ್ಕನಿಗೆ ಆ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ.

ಗೆರೆಗಳು ಒಂದೊಂದಾಗಿ ಅವನ ತಲೆಯ ಮೇಲೆ ಹೋದವು. ಅವನ ಮುಖ ಮಾತ್ರ ಅದೇ ಇತ್ತು. ಅದೇ ಮೀಸೆ, ಅದೇ ದನಿ. ಅಟ್ಟದ ಡಬ್ಬಿಯನ್ನು ಈಗ ಅವಳೇ ಸ್ಟೂಲು ಹಾಕಿಕೊಂಡು ತೆಗೆಯುತ್ತಿದ್ದಳು. ಅವನು ಅತ್ತ ನೋಡುತ್ತಿರಲಿಲ್ಲ.

ಅವಳು ಯಜಮಾನಿ ಈಗ ಬಾಡಿಗೆಗಿದ್ದ ಮನೆಗೆ ಹೋದಳು.

ಸೋಫಾದ ಮೇಲೆ ಶಾಲು ಹೊದ್ದು ಒಬ್ಬರು ಕೂತಿದ್ದರು. ಬಿಳಿ ಮೀಸೆ, ದಪ್ಪ ಹುಬ್ಬು, ಅರವತ್ತು ದಾಟಿದ ಮುಖ. ಕಾಲು ಸೋಫಾದ ಅಂಚನ್ನೂ ಮುಟ್ಟಿರಲಿಲ್ಲ. ಮಕ್ಕಳ ಕಾಲುಚೀಲ ಹಾಕಿದ್ದರು. ಅವರ ತಲೆಯ ಮೇಲಿನ ಗೋಡೆಯಲ್ಲಿ ಮದುವೆಯ ಫೋಟೊ. ಅದರಲ್ಲಿ ಅದೇ ಹುಬ್ಬಿನ ಗಂಡು, ಯಜಮಾನಿಗಿಂತ ಒಂದು ತಲೆ ಎತ್ತರ.

ಅವಳು ಫೋಟೊ ನೋಡಿದಳು, ಸೋಫಾ ನೋಡಿದಳು. ಕುರ್ಚಿ ಎಳೆದು ಕೂತಳು.

"ಒಬ್ಬ ಬಡಗಿ ಇದ್ದ" ಎಂದರು ಯಜಮಾನಿ, ಕೇಳುವ ಮೊದಲೇ. "ಕಪಾಟು ಒಂದಿಂಚು ಗಿಡ್ಡ ಬಂತು. ಕೆಲಸದವರ ಎದುರಿಗೆ ಇವ್ರು ಅವನ್ನ ಬಾಯಿಗೆ ಬಂದ ಹಾಗೆ ಬೈದ್ರು. ಅವನ ಅಳತೆಕೋಲು ಕಿತ್ಕೊಂಡು, ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿದ್ರು. ಅಪ್ಪನ ಕಾಲದ ಕೋಲು ಸ್ವಾಮಿ ಅಂತ ಕೈಮುಗಿದ. ಕೇಳ್ಲಿಲ್ಲ."

"ತಪ್ಪು ಬಡಗೀದಾ?"

ಯಜಮಾನಿ ಗಂಡನ ಕಡೆ ನೋಡಿದರು. ಅವರು ಶಾಲಿನೊಳಗೆ ಮುಖ ತಗ್ಗಿಸಿದರು.

"ಕೋಲಿನ ಆ ತುದಿ ಹಿಡಿದಿದ್ದು ಇವ್ರೇ. ಒಂದಿಂಚು ಬಿಟ್ಟು ಹಿಡಿದಿದ್ರು."

ಮುರಿದ ಕೋಲಿನ ಒಂದು ತುಂಡನ್ನು ಬಡಗಿ ಒಯ್ದ. ಇನ್ನೊಂದಕ್ಕೆ ತನ್ನ ಕೂದಲನ್ನೂ ಕಪ್ಪು ದಾರವನ್ನೂ ಸುತ್ತಿ, ಗಂಟಿಗೊಂದು ಮಂತ್ರ ಹೇಳಿ, ಹಸಿ ಗಾರೆಯ ಗೋಡೆಯೊಳಗೆ ಎಲ್ಲೋ ಇಟ್ಟನಂತೆ. ಹೋಗುವಾಗ ಹೊಸ್ತಿಲ ಮೇಲೆ ನಿಂತು ಹೇಳಿದನಂತೆ: ನನ್ನ ಅಳತೆ ಗಿಡ್ಡ ಅಂದೆಯಲ್ಲ, ಈ ಮನೆಯಲ್ಲಿ ಇನ್ನು ಯಾರ ಬಾಯಿಂದ ಬಂದ ಅಳತೆಯೂ ನಿಲ್ಲದಿರಲಿ. ಅದೇ ವಾರ ಯಜಮಾನರು ಹೊಸ ಕೋಟು ಹೊಲಿಸಲು ಆ ಮನೆಯಲ್ಲೇ ಟೈಲರಿಗೆ ಅಳತೆ ಕೊಟ್ಟಿದ್ದರು.

"ಅವನ್ನ ಕರೆಸಿ. ಕಾಲಿಗೆ ಬೀಳ್ತೀನಿ."

"ಸತ್ತುಹೋದ. ಗೋಡೆ ಎಲ್ಲಾ ಅಗೆಸಿ ನೋಡಿದ್ವಿ. ಸಿಗ್ಲಿಲ್ಲ."

"ಇಷ್ಟೆಲ್ಲಾ ಗೊತ್ತಿದ್ದೂ ನಮ್ಮನ್ನ ಯಾಕೆ ಕರೆದ್ರಿ?"

ಯಜಮಾನಿ ಗಂಡನ ಶಾಲು ಸರಿಮಾಡಿದರು. ತುಂಬ ಹೊತ್ತು ಸರಿಮಾಡಿದರು.

"ನೀವಿಬ್ರೂ ಅಲ್ಲಿ ಅಳತೆ ತಗೊಂಡ ದಿನದಿಂದ ಇವ್ರು ಕುಗ್ಗೋದು ನಿಂತಿದೆ" ಎಂದರು. ಆಮೇಲೆ, ಮೆಲ್ಲಗೆ, "ಹೇಳ್ಬೇಡಿ ಅಂತ ಹೇಳಿದ್ದೆನಲ್ಲಮ್ಮ."

ವಾಪಸ್ಸು ಬರುವಾಗ ಅವಳಿಗೆ ಒಂದು ಉಪಾಯ ಹೊಳೆಯಿತು. ಮನೆ ತನ್ನ ಕಿವಿಗೆ ಬಿದ್ದ ಅಳತೆಯಲ್ಲಿ ಕಳೆಯುತ್ತದೆ. ನಿಜ ಹೇಳಿದ್ದಕ್ಕೆ ನಿಜದಲ್ಲಿ ಕಳೆಯಿತು. ಇಲ್ಲದ ಎತ್ತರವನ್ನು ಹೇಳಿದರೆ? ಎಂಟು ಅಡಿ ಎಂದರೆ? ಎಷ್ಟು ಕಳೆದರೂ ತಮ್ಮನಿಗೆ ಬೇಕಾದಷ್ಟು ಉಳಿಯುತ್ತದೆ. ಹುಟ್ಟಿದಾರಭ್ಯ ಅವಳು ತಪ್ಪು ಅಳತೆ ಹೇಳಿದವಳಲ್ಲ. ಒಂದು ಸಲ ಹೇಳಿದರೆ ಸಾಕು.

"ಎಂಟು ಅಡಿ ಆದ್ರೆ ಬೈಕ್ ಮಾರ್ಬೇಕಾಗತ್ತೆ" ಎಂದ ತಮ್ಮ. ಎಷ್ಟೋ ದಿನದ ಮೇಲೆ ಅವನ ಬಾಯಲ್ಲಿ ತಮಾಷೆ ಬಂದಿತ್ತು. ಅವನ ತಲೆ ಈಗ ಅವಳ ಸೊಂಟಕ್ಕೆ ಬರುತ್ತಿತ್ತು.

ಮಧ್ಯಾಹ್ನ ಇಬ್ಬರೂ ಆ ಮನೆಗೆ ಹೋದರು. ಬೀಗ ತೆಗೆದಾಗ ಅಂಟಿನ ವಾಸನೆ ಇರಲಿಲ್ಲ. ಕೂದಲು ಸುಟ್ಟ ವಾಸನೆ ಮಾತ್ರ ಇತ್ತು, ಗಂಟಲಿಗೆ ಅಂಟಿಕೊಳ್ಳುವಷ್ಟು. ಹೊರಗೆ ರಸ್ತೆಯ ಸದ್ದು ಬಾಗಿಲಿನವರೆಗೆ ಬಂದು ಅಲ್ಲೇ ನಿಂತಿತು. ಅವನು ಅವಳ ಕೈ ಹಿಡಿದುಕೊಂಡ, ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ. ಅಷ್ಟೇ ಚಿಕ್ಕ ಕೈ.

ಅದೇ ಗೋಡೆ. ಅಂದು ಅವಳು ಹಾಕಿದ ಪೆನ್ಸಿಲ್ ಗುರುತು ಎಲ್ಲೋ ಮೇಲಿತ್ತು. ಅವನು ಬೆನ್ನು ಆನಿಸಿ ನಿಂತ. ಟೇಪಿನ ತುದಿಯನ್ನು ಹಿಮ್ಮಡಿಯಡಿ ಒತ್ತಿದ.

"ಗಟ್ಟಿಯಾಗಿ ಹಿಡ್ಕೊಂಡಿದ್ದೀಯಾ?"

"ಹೂಂ ಅಕ್ಕ. ಬೇಗ."

ಟಾರ್ಚನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಟೇಪು ಎಳೆದಳು. ಅವನ ನೆತ್ತಿಗೆ ತಂದಳು. ಕಣ್ಣು ಮುಚ್ಚಿಕೊಂಡಳು.

"ಎಂಟು ಅಡಿ!"

ಉತ್ತರ ಇಲ್ಲ.

ಅವಳು ಕಾದಳು. ಗೋಡೆ ಕೇಳಿಸಿಕೊಳ್ಳುತ್ತಿತ್ತು, ಅದು ಅವಳ ಚರ್ಮಕ್ಕೆ ಗೊತ್ತಾಗುತ್ತಿತ್ತು. ತಮ್ಮ ಉಸಿರು ಬಿಗಿಹಿಡಿದಿದ್ದ. ಎಲ್ಲೋ ಮರಳು ಉದುರಿದ ಸದ್ದು. ಮತ್ತೆ ಮೌನ.

"ಎಂಟು ಅಡಿ!"

ಮೌನ.

ಕೇಳಿಸಿಲ್ಲ. ತಿರುಗಿ ಹೇಳಿಲ್ಲ. ಕೈ ತಾನಾಗಿ ಟೇಪನ್ನು ಬಿಗಿ ಮಾಡಿತು. ಕಣ್ಣು ತೆರೆಯಿತು. ಟಾರ್ಚಿನ ಬೆಳಕು ಅಂಕಿಯ ಮೇಲೆ ಬಿತ್ತು. ಅಷ್ಟು ವರ್ಷ ಮಾಡಿದ್ದನ್ನೇ ಬಾಯಿ ಮಾಡಿತು.

"ಮೂರು ಅಡಿ ಒಂದು."

"ಅಕ್ಕಾ!" ಎಂದ ತಮ್ಮ.

ತಕ್ಷಣ ಉತ್ತರ ಬಂತು. ಗೋಡೆಯ ಒಳಗಿನಿಂದ. ಐದು ಅಡಿ ಒಂಬತ್ತು ಇದ್ದವನ ತುಂಬುದನಿಯಲ್ಲಿ. ಬರೆದುಕೊಂಡಾಯಿತು ಎಂಬ ನೆಮ್ಮದಿಯಲ್ಲಿ.

"ಸೊನ್ನೆ."

ಟಾರ್ಚು ಬಿತ್ತು. ಉರುಳಿತು. ಆರಿತು. ಅವಳು ಕತ್ತಲಲ್ಲಿ ಕೈ ಚಾಚಿದಳು. ಗೋಡೆ ಸಿಕ್ಕಿತು. ಇನ್ನಷ್ಟು ಕೆಳಗೆ ತಡಕಿದಳು. ಗೋಡೆ. ಇನ್ನೂ ಕೆಳಗೆ. ನೆಲ. ನೆಲದ ಮೇಲೆ ಬೆಚ್ಚಗಿನ ಒಂದು ಅಂಗಿ.

ಟೇಪು ಸರ್ರನೆ ಸುತ್ತಿಕೊಂಡು ಅವಳ ಅಂಗೈಗೆ ಬಂದು ಬಡಿಯಿತು. ಅದರ ಇನ್ನೊಂದು ತುದಿಯನ್ನು ಯಾರೂ ಹಿಡಿದಿರಲಿಲ್ಲ.

ಮುಂದಿನ ತಿಂಗಳು ಗಂಡನ ಕಾಲುಚೀಲ ಮತ್ತೆ ಸಡಿಲವಾಗತೊಡಗಿದಾಗ, ಯಜಮಾನಿ ಅದೇ ಕೆಲಸಕ್ಕೆ ಇನ್ನೊಂದು ಕಂಪನಿಗೆ ಫೋನು ಮಾಡಿದರು. ಅಳತೆ ತೆಗೆಯಲು ಅವರು ಇಬ್ಬರನ್ನು ಕಳಿಸಿದರು.