ನೀಲವ್ವ ಕೇಳಿದ ಪ್ರಶ್ನೆ

ಹೆಬ್ಬೆರಳನ್ನು ಗಾಜಿನ ಬಿಲ್ಲೆಯ ಮೇಲಿಟ್ಟು ಹತ್ತು ಎಣಿಸುವಷ್ಟರಲ್ಲಿ ಪರಜೀವಿದರ್ಶಕ ಯಂತ್ರ ತನ್ನ ತೀರ್ಪು ಹೇಳಿಬಿಡುತ್ತಿತ್ತು. ಸೂಜಿಯಿಲ್ಲ, ಡಬ್ಬಿಯಲ್ಲಿ ಮಲ ಹಿಡಿದು ತರುವ ಮುಜುಗರವಿಲ್ಲ. ದೇಹದೊಳಗೆ ಸೇರಿಕೊಂಡ ಪ್ರತಿಯೊಂದು ಹುಳು, ಪ್ರತಿಯೊಂದು ಏಕಕೋಶಜೀವಿ ನೆತ್ತರಿನಲ್ಲಿ ತನ್ನದೇ ಪ್ರೋಟೀನಿನ ಗುರುತು ಬಿಟ್ಟಿರುತ್ತದೆ. ಚರ್ಮವನ್ನು ಹಾದು ಒಳಹೋದ ಬೆಳಕು ಆ ಗುರುತನ್ನು ಓದಿಕೊಂಡು ಬರುತ್ತದೆ. ಹಸಿರು ದೀಪ ಹೊತ್ತಿದರೆ ಒಳಗೆ ಯಾರೂ ಇಲ್ಲ. ಕೆಂಪಾದರೆ ಕರೆಯದ ಅತಿಥಿಗಳಿದ್ದಾರೆ.

ಹುಬ್ಬಳ್ಳಿಯ ಮಹಿಳಾ ವ್ಯಸನಮುಕ್ತಿ ಕೇಂದ್ರದಲ್ಲಿ ನೀಲವ್ವನಿಗೆ ಕೆಂಪು ಹೊತ್ತಿತು.

ನೀಲವ್ವ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ಬೆನ್ನುನೋವಿಗೆಂದು ಶುರುವಾದ ಇಂಜೆಕ್ಷನ್ನು ನೋವು ಹೋದಮೇಲೂ ಅವಳನ್ನು ಬಿಡಲಿಲ್ಲ. ಗಂಡ ಸತ್ತಿದ್ದ. ಅತ್ತೆ ಕಾಶವ್ವ ಮೊಮ್ಮಗಳನ್ನು ಇಟ್ಟುಕೊಂಡು ಸೊಸೆಯನ್ನು ಹೊರಗೆ ಹಾಕಿದ್ದಳು. ಚಟ ಬಿಟ್ಟು ಏಳು ತಿಂಗಳಾಗಿದ್ದರೂ ಭಾನುವಾರ ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತು ಮಗಳನ್ನು ಮಾತಾಡಿಸಬಹುದಿತ್ತು, ಅಷ್ಟೇ. "ನಿನ್ನ ಮೈಯಾಗ ಏನೇನ್ ಐತೋ ಯಾರಿಗೊತ್ತು, ಒಲಿ ಮುಟ್ಟಬ್ಯಾಡ" ಎಂದಿದ್ದಳು ಅತ್ತೆ. ಈಗ ಯಂತ್ರವೂ ಅದನ್ನೇ ಹೇಳಿತಲ್ಲ ಎಂದು ನೀಲವ್ವ ಕುಗ್ಗಿಹೋದಳು.

ಯಂತ್ರವನ್ನು ರೂಪಿಸಿದ ಡಾಕ್ಟರ್ ಮಂದಾಕಿನಿ ದೇಸಾಯಿ ಸಮಾಧಾನ ಹೇಳಿದರು. "ನೀವೊಬ್ರೇ ಅಲ್ಲ ನೀಲವ್ವ. ಇಲ್ಲಿ ಅರವತ್ತೆರಡು ಮಂದ್ಯಾಗ ನಲವತ್ತೊಂದು ಮಂದಿಗೆ ಅದ. ಅದೇ ನರ್ಸಿಂಗ್ ಕಾಲೇಜಿನ ಅರವತ್ತೆರಡು ಹುಡಿಗ್ಯಾರೊಳಗ ಬರೇ ಐದು. ಮಾದಕ ವಸ್ತು ಮೈಯಾಗಿನ ಶಕ್ತಿ ಕುಂದಸ್ತದ, ಹುಳಕ್ಕ ದಾರಿ ಆಗ್ತದ."

ನೀಲವ್ವ ತಲೆಯೆತ್ತಿದಳು. "ಬಾಯಾರ, ಆ ಹುಡಿಗ್ಯಾರು ಹಾಸ್ಟೆಲ್ಲಿನ ಫಿಲ್ಟರ್ ನೀರ ಕುಡೀತಾರ. ನಾವು ಹೆಚ್ಚಿನ ಮಂದಿ ರೈಲು ಹಳಿ ಆಚಿ ಓಣ್ಯಾಗ ಟಾಕಿ ನೀರ ಕುಡದವ್ರು. ನಶಾ ಮಾಡದ ನಮ್ಮ ಓಣಿ ಹೆಂಗಸರ ಬೆರಳ ನೋಡೀರೇನು?"

ಹೆಚ್ಚು ಮಾತಾಡಿದೆನೇನೋ ಎಂದು ಅವಳಿಗೆ ದಿಗಿಲಾಯಿತು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನೋಡಿಲ್ಲ," ಎಂದರು. "ನಾನೇ ಮೊದಲ ನೋಡಬೇಕಾಗಿತ್ತು."

ಆ ಕಾಲಕ್ಕೆ ಮಾತ್ರೆಗಳೂ ಸುಧಾರಿಸಿದ್ದವು. ಮೂರು ದಿನದಲ್ಲಿ ನೀಲವ್ವನ ದೀಪ ಹಸಿರಾಯಿತು. ಮರುವಾರ ಟೆಂಪೊದಲ್ಲಿ ಯಂತ್ರ ಓಣಿಗೆ ಹೋದಾಗ ಅದರ ಪಕ್ಕದಲ್ಲಿ ನಿಂತು, ನಾಚುವ ಹೆಂಗಸರ ಬೆರಳು ಹಿಡಿದು ಬಿಲ್ಲೆಯ ಮೇಲಿಡುತ್ತಿದ್ದವಳು ಅವಳೇ. ಸಂಜೆಯ ಹೊತ್ತಿಗೆ ಯಾವ ಚಟವೂ ಇಲ್ಲದ ಅರವತ್ತೆರಡು ಹೆಂಗಸರಲ್ಲಿ ಮೂವತ್ತೊಂಬತ್ತು ಮಂದಿಗೆ ಕೆಂಪು. ಡಾಕ್ಟರು ಅಲ್ಲೇ ನಿಂತು ಟಾಕಿಯ ನೀರನ್ನು ಬಾಟಲಿಗೆ ತುಂಬಿಸಿಕೊಂಡರು.

ಕೊನೆಗೆ ಅದೇ ಓಣಿಯಲ್ಲಿದ್ದ ಕಾಶವ್ವ ಮೊಮ್ಮಗಳ ಕೈ ಹಿಡಿದು ಬಂದಳು. ಮಗುವಿಗೆ ಕೆಂಪು. ಅವಳಿಗೂ ಕೆಂಪು.

"ಯಂತ್ರ ಕೆಟ್ಟೈತಿ," ಎಂದು ಎಡಗೈ ಹೆಬ್ಬೆರಳಿಟ್ಟಳು. ಮತ್ತೆ ಕೆಂಪು. ಸುತ್ತಲಿನ ಹೆಂಗಸರು ಅತ್ತೆಯನ್ನೂ ಸೊಸೆಯನ್ನೂ ನೋಡಿದರು. ಎಷ್ಟೋ ಭಾನುವಾರ ನುಂಗಿಕೊಂಡಿದ್ದ ಮಾತು ನೀಲವ್ವನ ನಾಲಿಗೆಗೆ ಬಂದಿತ್ತು. ಆದರೆ ಅತ್ತೆಯ ಮುಖದಲ್ಲಿದ್ದದ್ದು ಮೊನ್ನೆ ಕೇಂದ್ರದಲ್ಲಿ ತಾನು ಪಟ್ಟ ಅವಮಾನವೇ. ಅದರ ರುಚಿ ಅವಳಿಗೆ ಗೊತ್ತಿತ್ತು.

"ನೀರಿಂದು ಅತ್ತಿ. ನಿಮ್ದೇನ್ ತಪ್ಪಿಲ್ಲ."

ಕಾಶವ್ವ ಮಾತ್ರೆಯ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿದಳು. "ಇದನ್ನ ಉಣ್ಣೂಕಿಂತ ಮೊದಲ ತಗೋಬೇಕೋ, ಆಮ್ಯಾಲೋ?"

"ಉಂಡ ಮ್ಯಾಲ."

ಮುದುಕಿ ಸೀರೆಯ ಸೆರಗು ಸರಿಮಾಡಿಕೊಂಡು ಮನೆಯತ್ತ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡದೆಯೇ ಹೇಳಿದಳು: "ಹಂಗಾರ ಬಾ, ಒಲಿ ಹಚ್ಚಿ ನಾಕ್ ರೊಟ್ಟಿ ಬಡಿ."

ನೀಲವ್ವ ಮೊದಲು ನೀರು ಕುದಿಯಲಿಟ್ಟಳು, ಆಮೇಲೆ ಹಿಟ್ಟು ನಾದಿದಳು. ಮಗಳು ಹಂಚಿನ ಪಕ್ಕದಲ್ಲೇ ಕೂತು, ಆರುವವರೆಗೂ ಕಾಯದೆ, ಬಿಸಿಬಿಸಿ ರೊಟ್ಟಿ ಮುರಿದು ತಿನ್ನತೊಡಗಿದಳು.