ಮಡುವಿಗೆ ಬಿಟ್ಟ ಬಾಳೆದಿಂಡು

ಬಿಳಿ ಬಟ್ಟೆ ಸುತ್ತಿದ್ದ ಆಳುದ್ದದ ಹೆಣವೊಂದನ್ನು ಯಾರೋ ಮಡುವಿಗೆ ಜಾರಿಸುತ್ತಿದ್ದ.

ಮಂಗಳಳ ಕೈಯಿಂದ ಬಿಂದಿಗೆ ಬಿದ್ದು ಬಂಡೆಗಳ ಮೇಲೆ ಉರುಳಿತು. ಮುತ್ತತ್ತಿಯ ಆ ಮಡುವಿನ ಹತ್ತಿರ ಊರಿನವರು ದನವನ್ನು ಕೂಡ ಬಿಡುತ್ತಿರಲಿಲ್ಲ. ಹೋದ ವರ್ಷ, ಸಾವಿರದ ಒಂಬೈನೂರ ನಲವತ್ತರ ಮಾಘದಲ್ಲಿ, ಅವಳ ಅಣ್ಣ ಮಾದಯ್ಯ ಅಲ್ಲಿ ಮುಳುಗಿದ್ದ. ಮತ್ತೆ ಮೇಲೆ ಬಂದಿರಲಿಲ್ಲ.

ಓಡಿ ಹೋಗಿ ನೋಡಿದರೆ ಅದು ಹೆಣವಲ್ಲ, ಬಾಳೆದಿಂಡು. ಕಲ್ಲು ಕಟ್ಟಿ, ಪಂಚೆ ಸುತ್ತಿ, ಉದ್ದನೆಯ ದಾರದ ತುದಿಗೆ ಒಣಗಿದ ಸೋರೆಬುರುಡೆ ಬಿಗಿದಿದ್ದ. ಅವಳ ಹೆದರಿಕೆ ಇನ್ನೂ ಹೆಚ್ಚಿತು. ಹೆಣ ಸಿಗದವರಿಗೆ ಬೊಂಬೆ ಮಾಡಿ ಸುಡುವುದನ್ನು ಅವಳು ಕೇಳಿದ್ದಳು. ನೀರಿಗೆ ಬಿಡುವುದನ್ನು ಕೇಳಿರಲಿಲ್ಲ. ಇದು ಮಾಟವಲ್ಲದೆ ಇನ್ನೇನು?

"ಯಾರ್ಲಾ ನೀನು? ನಮ್ಮಣ್ಣನ್ನ ಮಡು ನುಂಗಿದ್ದು ಸಾಲ್ದು ಅಂತ ಮಾಟ ಬ್ಯಾರೆ ಮಾಡ್ತಿದ್ದೀಯಾ?"

ಅವನು ತಿರುಗಿದ. ಇಪ್ಪತ್ತೈದರ ಆಸುಪಾಸು, ಅಂಗಿಯ ತುಂಬ ಎಂಜಿನ್ ಎಣ್ಣೆಯ ಕಲೆ.

"ಒಂದ್ ಗಳಿಗೆ ಸುಮ್ಕಿರಮ್ಮ, ಎಣಿಕೆ ತಪ್ತದೆ."

ಮಂಗಳ ಕೈಗೆ ಸಿಕ್ಕ ಕಲ್ಲನ್ನು ಬೀಸಿದಳು. ಅದು ಅವನ ಭುಜಕ್ಕೆ ಬಿತ್ತು. ಅವನು ಭುಜ ಒತ್ತಿಕೊಂಡನೇ ಹೊರತು ಎಣಿಸುವುದನ್ನು ನಿಲ್ಲಿಸಲಿಲ್ಲ.

ಅಂದು ಸಂಜೆ ಹರಿಗೋಲಿನ ಮುದುಕ ಕೆಂಪಸಿದ್ದಯ್ಯ ಅವನ ವಿಷಯ ಹೇಳಿದ. ಹೆಸರು ಸಿದ್ದರಾಜು. ಮಳವಳ್ಳಿಯ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವವನು. ಪ್ರತಿ ಶನಿವಾರ ಬಂದು ಊರಿನ ಆಂಜನೇಯ ಮುತ್ತತ್ತಿರಾಯನಿಗೆ ಕೈಮುಗಿದು ಹೊಳೆಯ ಹತ್ತಿರ ಕೂರುತ್ತಾನೆ. ಬಿಟ್ಟ ಚೆಂಡು ಬಿಟ್ಟಷ್ಟು ಎತ್ತರಕ್ಕೆ ಯಾಕೆ ಪುಟಿಯುವುದಿಲ್ಲ, ಉಳಿದ ಎತ್ತರ ಎಲ್ಲಿಗೆ ಹೋಯಿತು ಎಂದು ಚಿಕ್ಕಂದಿನಲ್ಲಿ ಮೇಷ್ಟರನ್ನು ಕೇಳಿ ಏಟು ತಿಂದವನಂತೆ. ಈ ಮಡುವಿನಲ್ಲಿ ಮುಳುಗಿದ್ದು ಎಲ್ಲಿ ಏಳುತ್ತದೆ ಎಂಬುದು ಈಗಿನ ಹುಚ್ಚು.

"ಮಾಟಗಾರ ಅಲ್ಲ ಕಣವ್ವ, ಬರೀ ತಿಕ್ಲ" ಎಂದು ಮುದುಕ ನಕ್ಕ.

ಮಂಗಳ ನಗಲಿಲ್ಲ. ಮನೆಯಲ್ಲಿ ತಾಯಿ ಚಿಕ್ಕಮಾದಮ್ಮ ಎಂದಿನಂತೆ ಮಗನ ತಣಿಗೆಗೆ ಮುದ್ದೆ ಇಟ್ಟು ಬಾಗಿಲು ನೋಡುತ್ತ ಕೂತಿದ್ದಳು. ಒಂದು ವರ್ಷದಿಂದ ಇದೇ ನಡೆದಿತ್ತು. ಹೆಣ ಕಾಣದೆ ತಿಥಿ ಮಾಡಿಸುವುದಿಲ್ಲ ಎಂಬುದು ಅವಳ ಹಟ. ತಿಥಿಯಾಗದ ಮನೆಯಲ್ಲಿ ಶುಭಕಾರ್ಯವಿಲ್ಲ. ಮಂಗಳಳಿಗೆ ಮದುವೆಯ ಚಿಂತೆಯಿರಲಿಲ್ಲ. ಆ ತಣಿಗೆಯನ್ನು ನೋಡಲಾಗುತ್ತಿರಲಿಲ್ಲ, ಅಷ್ಟೇ.

ಮುಂದಿನ ಶನಿವಾರ ಅವಳೇ ಹೋದಳು.

"ಎಲ್ಲಿ ಏಳ್ತದೆ?"

ಸಿದ್ದರಾಜು ಹೊಳೆಯ ಮೇಲುಗಡೆಗೆ ಬೆರಳು ತೋರಿಸಿದ. ಅಲ್ಲಿ ದಡದ ದೊಡ್ಡ ಬಂಡೆಯ ಮರೆಯಲ್ಲಿ ನೀರು ಕಪ್ಪಗೆ ನಿಂತಿತ್ತು.

"ಒಳೆ ಮ್ಯಾಕೆ ಅರೀತದಾ?"

"ನಡು ಒಳೆ ಕೆಳಕ್ಕೇ ಓಯ್ತದೆ. ಅಡಿ ನೀರು ಬಂಡೆಗೆ ಬಡ್ದು, ಚೆಂಡು ಪುಟಿದಂಗೆ ಹಿಂದಕ್ಕೆ ತಿರುಗ್ತದೆ. ಇಲ್ಲಿ ಮುಳುಗಿದ್ದು ಅಲ್ಲಿರ್ತದೆ. ನಡುವೆ ಎಲ್ಲಿತ್ತು ಅಂತ ಕಂಡೋರಿಲ್ಲ. ಮೂರು ಸಲ ಬುಟ್ಟೆ. ಮೂರು ಸಲಾನೂ ಬುರುಡೆ ಅಲ್ಲೇ ಎದ್ದದೆ. ದಿಂಡು ಮಾತ್ರ ಬಂಡೆ ಸಂದೀಲಿ ಸಿಕ್ಕಂಡದೆ."

ಮಾದಯ್ಯನಿಗಾಗಿ ಊರಿನವರು ಹನ್ನೊಂದು ದಿನ ಹುಡುಕಿದ್ದರು. ಎಲ್ಲರೂ ಹೊಳೆಯ ಕೆಳಗಡೆಗೇ.

ಮಂಗಳ ಅವನ ಪಕ್ಕದ ಕಲ್ಲಿನ ಮೇಲೆ ಕೂತಳು. ಯಾರಿಗೂ ಹೇಳದ ಮಾತನ್ನು ಅವನಿಗೆ ಹೇಳಿದಳು. ಹೋದ ವರ್ಷ ಹೊಳೆಯಲ್ಲಿ ಸ್ನಾನ ಮಾಡುವಾಗ ಅವಳ ಮೂಗುತಿ ಜಾರಿ ಮಡುವಿಗೆ ಬಿದ್ದಿತ್ತು. ಸೀತಮ್ಮನ ಮೂಗುತಿ ಇದೇ ಹೊಳೆಗೆ ಬಿದ್ದಾಗ ಆಂಜನೇಯ ತೆಗೆದುಕೊಟ್ಟನಂತೆ, ನೀನೂ ತೆಗೆದುಕೊಡು ಎಂದು ಅವಳು ಅಣ್ಣನನ್ನು ಕೆಣಕಿದ್ದಳು. ಅವನು ನಗುತ್ತ ಧುಮುಕಿದ್ದ.

ಸಿದ್ದರಾಜು ಎದ್ದು ಬಂಡೆಯ ಕಡೆ ನಡೆದ. ಅಂಗಿ ಬಿಚ್ಚಿದ.

"ಬ್ಯಾಡ. ಒಬ್ಬನ್ನ ನಾನೇ ಕಳ್ಸಿದೀನಿ" ಎಂದಳು.

ಅವನು ಹಗ್ಗವನ್ನು ಸೊಂಟಕ್ಕೆ ಬಿಗಿದು ಇನ್ನೊಂದು ತುದಿಯನ್ನು ಅವಳ ಕೈಗಿಟ್ಟ. "ನೂರು ಎಣಿಸು. ನಾನು ಬರ್ದಿದ್ರೆ ಎಳಿ."

ಹರಿಗೋಲು ಬಿಟ್ಟು ಬಂದ ಕೆಂಪಸಿದ್ದಯ್ಯ ಹಗ್ಗ ಹಿಡಿದು ಅವಳ ಹಿಂದೆ ನಿಂತ. ನೆತ್ತಿಯ ಮೇಲೆ ಬಿಸಿಲಿದ್ದರೂ ಬಂಡೆಯ ಕೆಳಗಿನ ನೀರು ತಣ್ಣಗೆ ಕೊರೆಯುತ್ತಿತ್ತು. ಮಂಗಳ ಒಂದೊಂದು ಎಣಿಕೆಗೂ ಮುತ್ತತ್ತಿರಾಯನನ್ನು ಕರೆದಳು. ನಲವತ್ತಕ್ಕೆ ಹಗ್ಗ ಸಡಿಲವಾಯಿತು. ಅರವತ್ತಕ್ಕೆ ಬಿಗಿಯಾಯಿತು, ಆದರೆ ಅದು ಮಡುವಿನ ಕಡೆಗೆ ಎಳೆಯುತ್ತಿತ್ತು!

'ಸ್ವಾಮಿ, ಇವನೊಬ್ಬನನ್ನು ಬಿಡು...'

ನೂರರವರೆಗೆ ಅವಳು ಕಾಯಲಿಲ್ಲ. ಇಬ್ಬರೂ ಎಳೆದರು. ಅಂಗೈ ಸುಲಿಯಿತು. ಕೊನೆಗೆ ಅವನ ತಲೆ ಕಾಣಿಸಿತು. ಮೂಗಿನಿಂದ ರಕ್ತ ಇಳಿಯುತ್ತಿತ್ತು. ಮುಷ್ಟಿಯಲ್ಲಿ ಮಾದಯ್ಯನ ಬೆಳ್ಳಿಯ ಉಡುದಾರ ಕಪ್ಪಾಗಿ ಕಂಡಿತು.

ಬಂಡೆಯ ಸಂದಿಯಿಂದ ತೆಗೆದ ಮಾದಯ್ಯನ ಮೂಳೆಗಳಿಗೆ ಮಣ್ಣಾಯಿತು, ತಿಥಿಯೂ ಆಯಿತು. ಆ ಸಂಜೆ ಚಿಕ್ಕಮಾದಮ್ಮ ತಣಿಗೆಯನ್ನು ತೊಳೆದು ಗೋಡೆಗೆ ಬೋರಲು ಹಾಕಿದಳು. ಆಮೇಲೆ ಮೊದಲ ಸಲ ಅತ್ತಳು.

ಸಿದ್ದರಾಜು ತಿಥಿಗೆ ಬರಲಿಲ್ಲ. ಒಂದು ಶನಿವಾರ ಕಳೆಯಿತು, ಎರಡು, ಮೂರು ಕಳೆದವು. 'ಅವನ ಲೆಕ್ಕ ಮುಗಿಯಿತು. ಅವನಿಗೆ ಬೇಕಾಗಿದ್ದು ಹೊಳೆಯ ಗುಟ್ಟು, ನಾನಲ್ಲ' ಎಂದುಕೊಂಡಳು ಮಂಗಳ. ಅಂಗೈಯ ಗಾಯ ಒಣಗಿದ್ದಕ್ಕೂ ಅವಳಿಗೆ ಬೇಸರವಾಯಿತು.

ನಾಲ್ಕನೆಯ ಶನಿವಾರ ಅವನು ಬಾಗಿಲಲ್ಲಿ ನಿಂತಿದ್ದ. ಸೊರಗಿದ್ದ, ಮೊಣಕೈ ತರಚಿತ್ತು.

"ಮೂಗುತಿ ಸಿಗ್ನಿಲ್ಲ. ಮೂರು ವಾರದಿಂದ ಒತ್ತಾರೆಗೇ ಬಂದು ಮುಳುಗಿ ನೋಡ್ದೆ. ಬರೀ ಕೈಲಿ ಎಂಗೆ ಬರ್ಲಿ ಅಂತ..."

ಮಂಗಳ ಬಾಗಿಲಿಗೆ ಬಂದು ಅವನ ತರಚಿದ ಮೊಣಕೈ ನೋಡಿದಳು.

"ಹಗ್ಗ ಯಾರು ಹಿಡ್ದಿದ್ರು?"

"ಮರಕ್ಕೆ ಕಟ್ಟಿದ್ದೆ."

"ಮರ ಎಣಿಸ್ತದಾ?"

ಒಳಗಿದ್ದ ಚಿಕ್ಕಮಾದಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡ ಸತ್ತಂದಿನಿಂದ ಪೆಟ್ಟಿಗೆಯಲ್ಲಿಟ್ಟಿದ್ದ ತನ್ನ ಮೂಗುತಿಯನ್ನು ತಂದು ಮಗಳ ಕೈಗಿಟ್ಟಳು. ಅವನಿಗೆ ಮಣೆ ಹಾಕಿ ಒಳಗೆ ಹೋದಳು.

ಮಂಗಳ ಗೋಡೆಯ ಕಡೆ ತಿರುಗಿ ಮೂಗುತಿ ಇಟ್ಟುಕೊಂಡಳು. ದೂರದಲ್ಲಿ ಹೊಳೆ ಮೊರೆಯುತ್ತಲೇ ಇತ್ತು.

"ಇನ್ಮ್ಯಾಕೆ ನೀವು ಒಳೆಗೆ ಇಳೀಬ್ಯಾಡಿ" ಎಂದಳು. ಅವಳು ಅವನಿಗೆ 'ನೀವು' ಎಂದದ್ದು ಅದೇ ಮೊದಲು.

"ಇಳೀಲೇಬೇಕಾಗಿ ಬಂದ್ರೆ?"

"ಹಗ್ಗ ನನ್ ಕೈಲಿರ್ಲಿ."