ಬಿಸಿಲುಗುದುರೆಯ ಬಾಯಾರಿಕೆ

ನಿಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ ತುರಗಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಲಾಯದಲ್ಲಿ ಹೊನ್ನಾಜಿ ಎಂಬ ಹುಡುಗಿ ಕುದುರೆ ಸಾಕುವ ವಿದ್ಯೆ ಕಲಿಯುತ್ತಿದ್ದಳು. ಕಲಿಸುವವನು ಲಾಯದ ಮುಖ್ಯಸ್ಥ, ಮುದಿ ಸಾಹಣಿ. ಬಾಯಿ ಬಿಟ್ಟರೆ ಬೈಗುಳ.

"ಓಡಿ ದಣಿದ ಕುದುರೆಗೆ ಒಂದೇ ಸಲ ನೀರು ಕುಡಿಸಬೇಡ ಕಣೇ! ಹೊಟ್ಟೆ ಹಿಡಿದು ಸತ್ತೀತು. ಒಂದು ಗುಟುಕು ಕೊಡು, ನಡೆಸು. ಆಮೇಲೆ ಇನ್ನೊಂದು. ಅದು ಕುಡಿದ ಮೇಲೆ ನಿನ್ನ ಗಂಟಲು!"

ಹೀಗಿರಲು ಉರಿಗಣ್ಣನೆಂಬ ಮಾಂತ್ರಿಕ ಬಯಲಿನಲ್ಲಿ ಒಂದು ಬಿಸಿಲುಗುದುರೆಯನ್ನು ಬಿಟ್ಟ. ಅದನ್ನು ಬೆನ್ನಟ್ಟಿದವರು ಬಿಸಿಲಲ್ಲೇ ಕರಗಿಹೋಗುತ್ತಿದ್ದರು. ಸೇನಾಪತಿ ಹಗ್ಗ ಹಿಡಿದು ಹೋದ, ಕರಗಿದ. ಯುವರಾಜ ಗಾಳಿಯಂಥ ಕುದುರೆ ಏರಿ ಹೋದ, ಕರಗಿದ. ಮೂರನೆಯವನು ಹೊನ್ನಾಜಿಯ ಅಣ್ಣ ಬೊಮ್ಮರಸ. ಅವನೂ ಬರಲಿಲ್ಲ. ಅಪ್ಪ ಅಮ್ಮ ಇಲ್ಲದ ಅವಳಿಗೆ ಅವನೊಬ್ಬನೇ ದಿಕ್ಕಾಗಿದ್ದ. ಲಾಯದ ಕಂಬ ತಬ್ಬಿಕೊಂಡು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡಳು.

"ಅಜ್ಜಾ, ನಾನು ಹೋಗ್ತೀನಿ."

"ಹಿಡಿಯೋಕೆ ಹಗ್ಗ ಎಲ್ಲೇ?"

"ಹಿಡಿಯೋಕಲ್ಲ ಅಜ್ಜಾ. ಇಷ್ಟು ದಿನದಿಂದ ಓಡ್ತಾ ಇದೆ, ಪಾಪ. ಅದಕ್ಕೆ ಯಾರಾದರೂ ನೀರು ಕೊಟ್ಟಿದ್ದಾರಾ?"

ಮುದುಕ ಅಂದು ಬೈಯಲಿಲ್ಲ. ತೊಗಲಿನ ಚೀಲಕ್ಕೆ ನೀರು ತುಂಬಿ ಕೊಟ್ಟ.

ಹೊನ್ನಾಜಿ ಬಯಲಿಗೆ ಹೋದಳು. ಬೆನ್ನಟ್ಟಲಿಲ್ಲ. ಸುಮ್ಮನೆ ನಿಂತು ಬೊಗಸೆಯಲ್ಲಿ ನೀರು ಹಿಡಿದಳು. ಬಿಸಿಲುಗುದುರೆ ತಾನೇ ಬಂತು, ಕುಡಿಯಿತು. ಒಡನೆಯೇ ಅದಕ್ಕೆ ನೆರಳು ಮೂಡಿತು. ಅವಳು ಅದನ್ನು ನಡೆಸಿದಳು. ಎರಡನೆಯ ಬೊಗಸೆಗೆ ಗೊರಸಿನ ಸದ್ದು ಕೇಳಿಸಿತು. ಕುದುರೆ ಚೀಲಕ್ಕೇ ಬಾಯಿ ಹಾಕಿತು. ಅವಳು ಚೀಲವನ್ನು ಹಿಂದಕ್ಕೆಳೆದುಕೊಂಡಳು.

ಆಗ ಉರಿಗಣ್ಣ ಎದುರಿಗೆ ಬಂದ. "ಮೂಕಪ್ರಾಣಿಯನ್ನು ಸತಾಯಿಸ್ತೀಯಾ, ಪಾಪಿ! ಚೀಲ ಪೂರ್ತಿ ಕುಡಿಸು. ಈಗಲೇ ನಿನ್ನ ಅಣ್ಣನನ್ನು ಬಿಡ್ತೀನಿ."

ಬಿಸಿಲಿನೊಳಗಿಂದ ಬೊಮ್ಮರಸನ ದನಿ ಬಂತು: "ತಂಗೀ..."

ಅಯ್ಯೋ, ಅಣ್ಣನ ದನಿ! ಹೊನ್ನಾಜಿಯ ಕೈ ಚೀಲದ ಬಾಯಿಗೆ ಹೋಯಿತು. ಆದರೆ ಒಂದೇ ಸಲ ಕುಡಿದು ಕುದುರೆ ಸತ್ತರೆ, ಅದರ ಹಿಂದೆ ಹೋಗಿ ಕರಗಿದವರನ್ನು ಮರಳಿ ಕರೆತರುವವರು ಯಾರು? ಚೀಲವನ್ನು ಎದೆಗೊತ್ತಿಕೊಂಡು, ಅಳುತ್ತಲೇ ಕುದುರೆಯನ್ನು ಇನ್ನೊಂದು ಸುತ್ತು ನಡೆಸಿದಳು. ಅದರ ಉಸಿರು ತಣಿದ ಮೇಲೆ ಮೂರನೆಯ ಬೊಗಸೆ ಕೊಟ್ಟಳು.

ಕುದುರೆಯ ಮೈಯಲ್ಲಿ ಬೆವರು ಒಡೆಯಿತು. ಮಾಂತ್ರಿಕನ ಶಕ್ತಿಯೆಲ್ಲ ಅದರ ಬಾಯಾರಿಕೆಯಲ್ಲೇ ಇತ್ತು. ಬಾಯಾರಿಕೆ ಇಂಗಿತು, ಅವನು ಬೂದಿಯಾದ. ಕರಗಿದವರೆಲ್ಲ ಬಿಸಿಲಿನೊಳಗಿಂದ ನಡೆದು ಬಂದರು.

"ನಿನ್ನ ತುಟಿ ಒಡೆದು ರಕ್ತ ಬರ್ತಿದೆಯಲ್ಲೇ! ನೀನು ಕುಡಿಯಲಿಲ್ವಾ?" ಎಂದ ಬೊಮ್ಮರಸ.

"ಈಗ ಕುಡೀತೀನಿ ಅಣ್ಣ" ಎಂದು ಹೊನ್ನಾಜಿ ಚೀಲ ಎತ್ತಿದಳು.

ಮುಂದೆ ಲಾಯ ಅವಳ ಕೈಗೆ ಬಂತು, ಎಲ್ಲರೂ ತಣ್ಣಗೆ ಬಾಳಿದರು. ತುರಗಾವತಿಯಲ್ಲಿ ಈಗಲೂ ಬಿಸಿಲು ಸುಡುತ್ತದೆ. ಬಿಸಿಲುಗುದುರೆ ಮಾತ್ರ ಯಾರಿಗೂ ಕಾಣುವುದಿಲ್ಲ. ಕಾಣುವುದಾದರೂ ಹೇಗೆ? ಅದು ಲಾಯದಲ್ಲಿ ನಿಂತು ಹುರುಳಿ ತಿನ್ನುತ್ತಿದೆ.